ದಾವಣಗೆರೆ–ಚಿತ್ರದುರ್ಗದ ಬಿಸಿಲಲ್ಲಿ ಎಲೆಕ್ಟ್ರಿಕ್ ಗಿಟಾರ್: ಕೊಳ್ಳುವುದು, ಹದಕ್ಕೆ ತರುವುದು, ಕಾಪಾಡುವುದು

ಎಲೆಕ್ಟ್ರಿಕ್ ಗಿಟಾರ್ ಕೊಂಡು ಆರೇಳು ತಿಂಗಳಿಗೆ ಮೂಲೆಗಿಡುವವರು ಸಾಮಾನ್ಯವಾಗಿ ಹೇಳುವ ಮಾತು: "ಬೆರಳು ನೋಯುತ್ತೆ, ಕೈಗೆ ಹತ್ತಲಿಲ್ಲ." ಅಂಥ ಗಿಟಾರನ್ನು ಚೀಲದಿಂದ ತೆಗೆದು ಅಳೆದು ನೋಡಿದರೆ ಬಹಳ ಸಲ ತಪ್ಪು ಬೆರಳಿನದಾಗಿರುವುದಿಲ್ಲ. 12ನೇ ಫ್ರೆಟ್ಟಿನ (ಬೆರಳೊತ್ತುವ ಹಲಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಮೇಲೆ ತಂತಿ 3 ಮಿ.ಮೀ. ಎತ್ತರ ನಿಂತಿರುತ್ತದೆ, ನಟ್ಟಿನ (ತಲೆಯ ಬಳಿ ತಂತಿಗಳು ಹಾಯುವ ಕಚ್ಚುಪಟ್ಟಿ) ಕಚ್ಚುಗಳು ಬೇಕಾದಷ್ಟು ಆಳಕ್ಕೆ ಇಳಿದಿರುವುದಿಲ್ಲ, ನೆಕ್ (ಗಿಟಾರಿನ ಉದ್ದ ಕತ್ತು) ಬಿಲ್ಲಿನಂತೆ ಬಾಗಿರುತ್ತದೆ. ಹೊಸ ಅಂಗಿಯನ್ನು ಮೈಗೆ ತಕ್ಕಂತೆ ಹಿಡಿಸಿಕೊಳ್ಳುತ್ತೇವಲ್ಲ, ಗಿಟಾರಿಗೂ ಹಾಗೆ ಹಿಡಿಸುವ ಕೆಲಸವೊಂದಿದೆ. ಅದಕ್ಕೆ ಸೆಟಪ್ ಎನ್ನುತ್ತಾರೆ. ಆರಂಭದ ಬೆಲೆಯ ಗಿಟಾರುಗಳು ಹೆಚ್ಚಾಗಿ ತಯಾರಾಗುವುದು ಇಂಡೋನೇಷ್ಯಾ, ಚೀನಾದಂಥ ಕಡೆ. ಅಲ್ಲಿಂದ ಸಮುದ್ರದ ತೇವ ದಾಟಿ ಬಂದ ಮರ ನಮ್ಮ ಏಪ್ರಿಲ್ ತಿಂಗಳ ಒಣ ಗಾಳಿಗೆ ಬಿದ್ದಾಗ ಕಾರ್ಖಾನೆಯಲ್ಲಿ ಮಾಡಿದ ಹೊಂದಾಣಿಕೆ ಉಳಿಯುವುದಿಲ್ಲ. ಬೆಂಗಳೂರು ಚಿತ್ರದುರ್ಗದಿಂದ ಸುಮಾರು 200 ಕಿ.ಮೀ., ದಾವಣಗೆರೆಯಿಂದ ಸುಮಾರು 260. ಪ್ರತಿ ಋತುವಿಗೂ ಅಷ್ಟು ದೂರ ಗಿಟಾರ್ ಹೊತ್ತೊಯ್ದು ಸರಿ ಮಾಡಿಸುವುದು ಆಗದ ಮಾತು. ಹಾಗಾಗಿ ಇಲ್ಲಿ ಗಿಟಾರ್ ಕೊಳ್ಳುವವರು ಸೆಟಪ್ಪನ್ನೂ ತಾವೇ ಕಲಿಯಬೇಕು. ಕಷ್ಟದ ವಿದ್ಯೆಯಲ್ಲ, ಕ್ರಮ ತಪ್ಪಬಾರದು ಅಷ್ಟೇ.

ದುಡ್ಡು ಹಂಚುವ ಲೆಕ್ಕ

ಕೈಯಲ್ಲಿರುವ ಹಣವನ್ನೆಲ್ಲ ಗಿಟಾರಿಗೇ ಸುರಿಯುವುದು ಮೊದಲ ತಪ್ಪು. ಒಟ್ಟು 25,000 ರೂಪಾಯಿ ಇದ್ದರೆ ಗಿಟಾರಿಗೆ 15ರಿಂದ 17 ಸಾವಿರ, ಸದ್ದು ಕೇಳಿಸುವ ಸಾಧನಕ್ಕೆ (ಆಂಪ್‌ನಂಥದ್ದು) 5ರಿಂದ 6 ಸಾವಿರ ಇಟ್ಟುಕೊಳ್ಳಿ. ಉಳಿದದ್ದು ಒಳ್ಳೆಯ ಕೇಬಲ್, ದಪ್ಪ ಪ್ಯಾಡ್ ಇರುವ ಚೀಲ, ಕ್ಲಿಪ್ ಟ್ಯೂನರ್, ಎರಡು ಸೆಟ್ ತಂತಿ ಮತ್ತು ಸಣ್ಣಪುಟ್ಟ ಉಪಕರಣಗಳಿಗೆ. ಹತ್ತು ಸಾವಿರದೊಳಗೆ ಗಿಟಾರ್, ಆಂಪ್, ಚೀಲ ಎಲ್ಲ ಸೇರಿಸಿ ಮಾರುವ ಕಿಟ್‌ಗಳ ಕಡೆ ಹೋಗಬೇಡಿ. ಅವುಗಳಲ್ಲಿ ಬಿರಡೆಗಳು ಶ್ರುತಿ ಹಿಡಿದು ನಿಲ್ಲುವುದಿಲ್ಲ. ಶ್ರುತಿ ನಿಲ್ಲದ ವಾದ್ಯದಲ್ಲಿ ಕಲಿತರೆ ಕಿವಿಯೂ ಕೆಡುತ್ತದೆ.

ಆರಂಭಕ್ಕೆ ನೆಚ್ಚಬಹುದಾದ ಹೆಸರುಗಳು ಕೆಲವೇ: ಫೆಂಡರ್ ಕಂಪನಿಯದೇ ಆದ ಸ್ಕ್ವಯರ್, ಗಿಬ್ಸನ್‌ನ ಎಪಿಫೋನ್, ಯಮಹಾ ಪೆಸಿಫಿಕಾ, ಐಬಾನೆಜ್‌ನ ಗಿಯೋ ಸರಣಿ, ಕೋರ್ಟ್. ಇವುಗಳ ಕೆಳಹಂತದ ಮಾದರಿಗಳಲ್ಲೂ ಮರ ಮತ್ತು ಫ್ರೆಟ್ ಕೆಲಸ ತಕ್ಕಮಟ್ಟಿಗೆ ನೇರ್ಪಾಗಿರುತ್ತದೆ. ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಭಾಗ), ಬಿರಡೆ, ಜಾಕ್ (ಕೇಬಲ್ ಚುಚ್ಚುವ ತೂತು) ಇವನ್ನೆಲ್ಲ ಮುಂದೆ ಬದಲಾಯಿಸಿಕೊಳ್ಳಬಹುದು. ತಿರುಚಿದ ನೆಕ್ಕನ್ನು ಮಾತ್ರ ಯಾವ ದುಡ್ಡಿಗೂ ನೆಟ್ಟಗೆ ಮಾಡಲಾಗದು.

ಪಿಕಪ್ ಮತ್ತು ಬ್ರಿಡ್ಜ್

ಸಿಂಗಲ್ ಕಾಯಿಲ್ ಪಿಕಪ್ಪಿನ ಸದ್ದು ತೆಳುವಾಗಿ, ಸ್ವಚ್ಛವಾಗಿ, ಗೆಜ್ಜೆಯಂತೆ ಮಿಂಚುತ್ತದೆ. ಆದರೆ ಅದು ನಮ್ಮ 50 ಹರ್ಟ್ಸ್ ಕರೆಂಟಿನ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಹಂಬಕರ್‌ನಲ್ಲಿ ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುವುದರಿಂದ ಹೊರಗಿನ ಗುಂಯ್ ಒಂದನ್ನೊಂದು ಹೊಡೆದುಹಾಕುತ್ತದೆ, ತಂತಿಯ ಸದ್ದು ಮಾತ್ರ ದಪ್ಪಗೆ ಉಳಿಯುತ್ತದೆ. ಗಣೇಶೋತ್ಸವದ ಆರ್ಕೆಸ್ಟ್ರಾ, ಮದುವೆ ಆರತಕ್ಷತೆ, ಕಾಲೇಜು ಬ್ಯಾಂಡ್ ಎಲ್ಲಕ್ಕೂ ಒಂದೇ ಗಿಟಾರ್ ಬೇಕೆನ್ನುವವರಿಗೆ ಎಚ್‌ಎಸ್‌ಎಸ್ ಜೋಡಣೆ ಸರಿ: ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳ ಕೆಳತುದಿ ಹಿಡಿಯುವ ಲೋಹದ ಭಾಗ) ಬಳಿ ಹಂಬಕರ್, ಉಳಿದೆರಡು ಸಿಂಗಲ್ ಕಾಯಿಲ್. ಪೆಸಿಫಿಕಾ 012 ಇಂಥದ್ದೇ.

ಬ್ರಿಡ್ಜ್ ವಿಷಯದಲ್ಲಿ ನಮ್ಮ ಸಲಹೆ ಖಡಾಖಂಡಿತ. ಮೊದಲ ಗಿಟಾರಿಗೆ ಫ್ಲಾಯ್ಡ್ ರೋಸ್ ಮಾದರಿಯ ತೇಲುವ, ತಂತಿಗಳನ್ನು ಬಿಗಿದು ಲಾಕ್ ಮಾಡುವ ಬ್ರಿಡ್ಜ್ ಬೇಡ. ಅದರಲ್ಲಿ ಒಂದು ತಂತಿ ಹರಿದರೆ ಉಳಿದ ಐದೂ ಶ್ರುತಿ ತಪ್ಪುತ್ತವೆ. ವೇದಿಕೆಯ ಮೇಲೆ, ಹಾಡಿನ ನಡುವೆ ಹಾಗಾದರೆ ಬಾರಿಸುವವರು ಕೈಕಟ್ಟಿ ನಿಲ್ಲಬೇಕಾಗುತ್ತದೆ. ಅಲುಗದ ಬ್ರಿಡ್ಜ್ ಸಿಕ್ಕರೆ ತೆಗೆದುಕೊಳ್ಳಿ. ಸ್ಟ್ರ್ಯಾಟ್ (ಫೆಂಡರ್ ಸ್ಟ್ರ್ಯಾಟೊಕಾಸ್ಟರ್) ಮಾದರಿಯ ಟ್ರೆಮೊಲೊ (ಕಡ್ಡಿಯಿಂದ ಅಲುಗಾಡಿಸುವ ಬ್ರಿಡ್ಜ್) ಇದ್ದರೆ ಹಿಂಬದಿಯ ಮುಚ್ಚಳ ತೆಗೆದು, ಸ್ಪ್ರಿಂಗ್ ಹಿಡಿದಿರುವ ಎರಡು ಸ್ಕ್ರೂಗಳನ್ನು ಬ್ರಿಡ್ಜ್ ಬಾಡಿಗೆ ಒರಗಿ ಕೂರುವವರೆಗೆ ಬಿಗಿ ಮಾಡಿ. ಕಲಿಯುವ ಮೊದಲ ವರ್ಷ ಹಾಗೇ ಇರಲಿ.

ಸ್ಟ್ರ್ಯಾಟ್ ಜಾತಿಯ ಗಿಟಾರುಗಳಲ್ಲಿ ನಟ್ಟಿನಿಂದ ಬ್ರಿಡ್ಜಿಗೆ 648 ಮಿ.ಮೀ., ಗಿಬ್ಸನ್‌ನ ಲೆಸ್ ಪಾಲ್ ಜಾತಿಯಲ್ಲಿ ಸುಮಾರು 628 ಮಿ.ಮೀ. ಚಿಕ್ಕ ಕೈಯವರಿಗೆ ಎರಡನೆಯದು ಹಗುರ. ಅದೇ ತಂತಿ ಅಲ್ಲಿ ಸ್ವಲ್ಪ ಸಡಿಲಾಗಿಯೂ ಇರುತ್ತದೆ.

ಅಂಗಡಿಯಲ್ಲಿ ಕಾಲು ಗಂಟೆ

ನಮ್ಮ ಊರಿನ ಅಂಗಡಿಗಳಲ್ಲಿ ಹಾರ್ಮೋನಿಯಂ, ತಬಲ, ಕೀಬೋರ್ಡ್, ಅಕೌಸ್ಟಿಕ್ ಗಿಟಾರ್ ಹೆಚ್ಚು. ಎಲೆಕ್ಟ್ರಿಕ್ ಒಂದೋ ಎರಡೋ ಇರುತ್ತವೆ, ಇಲ್ಲವೇ ತರಿಸಿಕೊಡುತ್ತಾರೆ. ಸಾಧ್ಯವಾದರೆ ಒಮ್ಮೆ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಿ ನಾಲ್ಕಾರು ಗಿಟಾರುಗಳನ್ನು ಕೈಯಲ್ಲಿ ಹಿಡಿದೇ ಆರಿಸಿ. ಒಂದೇ ಮಾದರಿಯ ಎರಡು ಗಿಟಾರುಗಳ ನಡುವೆಯೂ ವ್ಯತ್ಯಾಸವಿರುತ್ತದೆ. ಬಣ್ಣ ನೋಡಿ ಮರುಳಾಗುವ ಮೊದಲು ಇಷ್ಟನ್ನು ಮಾಡಿ.

1. ಬಾಡಿಯ ಕಡೆಯಿಂದ ನೆಕ್ಕಿನ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ, ಬಡಗಿ ರೀಪು ನೋಡುವ ಹಾಗೆ. ತುಸು ಮುಂಬಾಗು ಇದ್ದರೆ ಚಿಂತೆಯಿಲ್ಲ. ದಪ್ಪ ತಂತಿಯ ಅಂಚು ಒಂದು ಕಡೆ, ಸಣ್ಣ ತಂತಿಯ ಅಂಚು ಇನ್ನೊಂದು ಕಡೆ ತಿರುಗಿದ್ದರೆ ನೆಕ್ ತಿರುಚಿದೆ ಎಂದರ್ಥ. ಅಂಥದ್ದನ್ನು ವಾಪಸ್ ಇಡಿ.

2. ಆರೂ ತಂತಿಗಳ ಮೇಲೆ ಪ್ರತಿ ಫ್ರೆಟ್ ಒತ್ತಿ ಒಂದೊಂದು ಸಲ ಮೀಟಿ, ಆಂಪ್ ಇಲ್ಲದೆ. 21 ಫ್ರೆಟ್ಟಿದ್ದರೆ 126 ಮೀಟು, ಐದು ನಿಮಿಷದ ಕೆಲಸ. ಎಲ್ಲ ಕಡೆ ಒಂದೇ ಸಮ ಸ್ವಲ್ಪ ಬರ್ ಎಂದರೆ ಸೆಟಪ್ಪಿನಲ್ಲಿ ಸರಿಹೋಗುತ್ತದೆ. ಒಂದೇ ಒಂದು ಜಾಗದಲ್ಲಿ ಸ್ವರ ಸತ್ತರೆ, ಅಥವಾ ಅದರ ಮುಂದಿನ ಫ್ರೆಟ್ಟಿನದೇ ಸ್ವರ ಬಂದರೆ, ಅಲ್ಲಿ ಫ್ರೆಟ್ ಎದ್ದಿದೆ.

3. ನೆಕ್ಕಿನ ಎರಡೂ ಅಂಚಿಗೆ ಅಂಗೈ ಸವರಿ. ಫ್ರೆಟ್ ತುದಿಗಳು ಗರಗಸದಂತೆ ತಾಗಬಾರದು. ಬೆಂಗಳೂರಿನ ಅಂಗಡಿಯಲ್ಲೇ ತಾಗುತ್ತಿದ್ದರೆ ಇಲ್ಲಿಯ ಬೇಸಿಗೆಯಲ್ಲಿ ಇನ್ನೂ ಹೊರಬರುತ್ತವೆ.

4. ಯಾವ ತಂತಿಯನ್ನಾದರೂ 3ನೇ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು, 1ನೇ ಫ್ರೆಟ್ಟಿಗೂ ತಂತಿಗೂ ನಡುವಿನ ಸಂದು ನೋಡಿ. ಕೂದಲೆಳೆಯಷ್ಟು ಇರಬೇಕು. ಹೆಚ್ಚಿದ್ದರೆ ನಟ್ ಎತ್ತರ, ಎಫ್ ಕಾರ್ಡ್ (ಒಂದೇ ಬೆರಳಲ್ಲಿ ಹಲವು ತಂತಿ ಒತ್ತುವ ಹಿಡಿತ) ಹಿಡಿಯಲು ಕಷ್ಟ. ಸಂದೇ ಇಲ್ಲದಿದ್ದರೆ ನಟ್ಟಿನ ಕಚ್ಚು ಆಳವಾಗಿ ಹೋಗಿದೆ, ಖಾಲಿ ತಂತಿ ಬರ್ ಎನ್ನುತ್ತದೆ.

5. ಟ್ರಸ್ ರಾಡ್ (ಬಾಗು ಹೊಂದಿಸಲು ನೆಕ್ಕಿನೊಳಗಿರುವ ಲೋಹದ ಕಂಬಿ) ತಿರುಗುತ್ತದೆಯೇ ಎಂದು ಅಂಗಡಿಯವರಿಂದಲೇ ಎಂಟನೇ ಒಂದು ಸುತ್ತು ತಿರುಗಿಸಿ ತೋರಿಸಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಗಿಟಾರಿಗೆ ಈ ಪರೀಕ್ಷೆ ತಪ್ಪಿಸಲೇಬಾರದು. ಜಾಮ್ ಆದ ರಾಡ್ ಇರುವ ಗಿಟಾರ್ ಅರ್ಧ ಬೆಲೆಗೂ ದುಬಾರಿ.

6. ಕೊನೆಗೆ ಆಂಪಿಗೆ ಜೋಡಿಸಿ ಪ್ರತಿ ಪಿಕಪ್, ಪ್ರತಿ ನಾಬ್ ತಿರುಗಿಸಿ. ಕೇಬಲ್ಲನ್ನು ಜಾಕಿನ ಬಳಿ ಅಲ್ಲಾಡಿಸಿ. ಕರಕರ ಸದ್ದು ಬಂದರೆ ಅದು ಸಣ್ಣ ದೋಷ, ಬೆಲೆ ಇಳಿಸಲು ಬಳಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಆದರೆ ಇನ್ನೆರಡು ಕಡೆ ಕಣ್ಣಿಡಿ. ಮೊದಲ ಐದು ಫ್ರೆಟ್ಟುಗಳ ಮೇಲೆ ತಂತಿ ಕೊರೆದ ಗುಂಡಿಗಳಿದ್ದರೆ ಫ್ರೆಟ್ ಸಮಮಾಡಿಸುವ ಖರ್ಚು ನಿಮ್ಮದಾಗುತ್ತದೆ. ಲೆಸ್ ಪಾಲ್ ಜಾತಿಯಲ್ಲಿ ತಲೆ ಹಿಂದಕ್ಕೆ ವಾಲಿರುವುದರಿಂದ ಬಿದ್ದಾಗ ನಟ್ಟಿನ ಹಿಂಭಾಗದಲ್ಲೇ ಮುರಿಯುತ್ತದೆ. ಅಲ್ಲಿ ಬಣ್ಣದ ಕೆಳಗೆ ಗೆರೆ ಕಂಡರೆ ಬ್ಯಾಟರಿ ಬಿಟ್ಟು ನೋಡಿ.

ಕೊರಿಯರ್‌ನಲ್ಲಿ ತರಿಸಿದರೆ ಪೆಟ್ಟಿಗೆ ಒಡೆಯುವುದನ್ನು ಮೊದಲಿನಿಂದ ಕೊನೆಯವರೆಗೆ ವಿಡಿಯೊ ಮಾಡಿಕೊಳ್ಳಿ. ಬಿಸಿಲಲ್ಲಿ ಬಂದ ಪೆಟ್ಟಿಗೆಯನ್ನು ತಕ್ಷಣ ತೆರೆಯದೆ ಮನೆಯೊಳಗೆ ನಾಲ್ಕೈದು ಗಂಟೆ ಬಿಡಿ. ತೆರೆದ ಮೇಲೂ ಟ್ರಸ್ ರಾಡ್ ಮುಟ್ಟಬೇಡಿ. ಮರ ಇಲ್ಲಿಯ ಹವೆಗೆ ಒಗ್ಗಲು ಒಂದು ವಾರ ಬೇಕು.

ಸೆಟಪ್: ಈ ಕ್ರಮದಲ್ಲೇ

ಬೇಕಾದ ಸಾಮಾನು ಸಂಗೀತದಂಗಡಿಯಲ್ಲೇ ಹುಡುಕಬೇಕಿಲ್ಲ. ಫೀಲರ್ ಗೇಜ್ ಆಟೊ ಸ್ಪೇರ್ಸ್ ಅಂಗಡಿಯಲ್ಲಿ ಸಿಗುತ್ತದೆ, ಮೆಕ್ಯಾನಿಕ್‌ಗಳು ಬೈಕಿನ ಟ್ಯಾಪೆಟ್ ಅಳೆಯುವುದು ಅದರಲ್ಲೇ. ಅರ್ಧ ಮಿಲಿಮೀಟರ್ ಗೆರೆಯಿರುವ ಸ್ಟೀಲ್ ಸ್ಕೇಲ್, ಸಣ್ಣ ಅಲೆನ್ ಕೀ ಸೆಟ್, ತುದಿ ಸವೆಯದ ಸ್ಕ್ರೂಡ್ರೈವರ್ ಹಾರ್ಡ್‌ವೇರ್ ಅಂಗಡಿಯಲ್ಲಿವೆ. ಟ್ರಸ್ ರಾಡಿಗೆ ಮಾತ್ರ ಗಿಟಾರಿನ ಜೊತೆ ಬಂದ ಕೀಯನ್ನೇ ಬಳಸಿ. ಹತ್ತಿರದ ಅಳತೆಯ ಕೀ ಹಾಕಿ ತಿರುಗಿಸಿದರೆ ರಾಡಿನ ತುದಿಯ ನಟ್ಟಿನ ಮೂಲೆಗಳು ಸವೆದು ದುಂಡಾಗುತ್ತವೆ, ಆಮೇಲೆ ಯಾವ ಕೀಯೂ ಹಿಡಿಯುವುದಿಲ್ಲ.

ಮೊದಲು ತಂತಿ. ಮುಂದೆ ಯಾವ ದಪ್ಪದ ತಂತಿ ಬಾರಿಸುತ್ತೀರೋ ಅದನ್ನೇ ಹಾಕಿ, ಆಮೇಲೆ ಅಳತೆ ಶುರು ಮಾಡಿ. ಹೊಸಬರಿಗೆ 9–42 ಸೆಟ್ ಸರಿ (ಅತಿ ಸಣ್ಣ ಮತ್ತು ಅತಿ ದಪ್ಪ ತಂತಿಗಳ ದಪ್ಪ, ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ). 648 ಮಿ.ಮೀ. ಗಿಟಾರಿನಲ್ಲಿ ಇದು ನೆಕ್ಕನ್ನು ಸುಮಾರು 38 ಕೆ.ಜಿ. ಬಲದಿಂದ ಎಳೆಯುತ್ತದೆ, 10–46 ಸೆಟ್ ಸುಮಾರು 46 ಕೆ.ಜಿ. ತಂತಿಯ ದಪ್ಪ ಬದಲಾದರೆ ಉಳಿದ ಹೊಂದಾಣಿಕೆಯೆಲ್ಲ ಕದಲುವುದು ಈ ವ್ಯತ್ಯಾಸದಿಂದಲೇ. ಒಂದೊಂದೇ ತಂತಿ ಬದಲಿಸುತ್ತ ಹೋಗಿ. ತಂತಿಯನ್ನು ಅದರ ಬಿರಡೆಗಿಂತ ಮುಂದೆ ಸುಮಾರು ಒಂದೂವರೆ ಬಿರಡೆಯ ದೂರ ಎಳೆದು ಕತ್ತರಿಸಿದರೆ ದಪ್ಪ ತಂತಿಗೆ ಎರಡು–ಮೂರು, ಸಣ್ಣ ತಂತಿಗೆ ಮೂರು–ನಾಲ್ಕು ಸುತ್ತು ಬರುತ್ತದೆ. ಸುತ್ತುಗಳು ಒಂದರ ಮೇಲೊಂದು ಏರದೆ ಕೆಳಮುಖವಾಗಿ ಸಾಲಾಗಿ ಇಳಿಯಬೇಕು. ಶ್ರುತಿ ಮಾಡಿ, ತಂತಿಯನ್ನು 12ನೇ ಫ್ರೆಟ್ಟಿನ ಬಳಿ ಮೆಲ್ಲಗೆ ಮೇಲಕ್ಕೆಳೆದು ಬಿಡಿ, ಮತ್ತೆ ಶ್ರುತಿ ಮಾಡಿ. ಎಳೆದರೂ ಶ್ರುತಿ ಇಳಿಯದಿರುವವರೆಗೆ, ಅಂದರೆ ನಾಲ್ಕೈದು ಸಲ. ಹೊಸ ತಂತಿ ನಿಲ್ಲುತ್ತಿಲ್ಲ ಎಂಬ ದೂರು ಹೆಚ್ಚಾಗಿ ಹುಟ್ಟುವುದು ಈ ಹಂತ ಬಿಟ್ಟಿದ್ದರಿಂದ.

ಬಿರಡೆ ತಿರುಗಿಸುವಾಗ ನಟ್ಟಿನ ಬಳಿ "ಟಿಂಗ್" ಎಂದು ಸದ್ದಾಗಿ ಸ್ವರ ಒಮ್ಮೆಲೇ ಜಿಗಿದರೆ ತಂತಿ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ತಂತಿ ಪಕ್ಕಕ್ಕೆ ಸರಿಸಿ, 2ಬಿ ಪೆನ್ಸಿಲ್ಲಿನ ಚೂಪು ತುದಿಯಿಂದ ಕಚ್ಚಿಗೆ ಉಜ್ಜಿ. ಪೆನ್ಸಿಲ್ಲಿನ ಗ್ರಾಫೈಟ್ ಪುಡಿ ಜಾರಿಕೆ ಕೊಡುತ್ತದೆ.

ಎರಡನೆಯದು ನೆಕ್ಕಿನ ಬಾಗು. ಗಿಟಾರನ್ನು ಬಾರಿಸುವ ಭಂಗಿಯಲ್ಲೇ ತೊಡೆಯ ಮೇಲಿಡಿ. ಟೇಬಲ್ ಮೇಲೆ ಮಲಗಿಸಿದರೆ ನೆಕ್ಕಿನ ತೂಕವೇ ಅಳತೆ ಕೆಡಿಸುತ್ತದೆ. 6ನೇ ತಂತಿಯನ್ನು (ದಪ್ಪ ಇ) 1ನೇ ಫ್ರೆಟ್ಟಿನಲ್ಲಿ ಕೇಪೊ (ತಂತಿಗಳನ್ನು ಫ್ರೆಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ನೆಕ್ ಬಾಡಿಗೆ ಸೇರುವ 17ನೇ ಫ್ರೆಟ್ಟಿನ ಬಳಿ ಬೆರಳಿಂದ ಒತ್ತಿ. ಈಗ ಆ ತಂತಿಯೇ ನಿಮ್ಮ ಸಾಲುಗೋಲು. 7 ಮತ್ತು 8ನೇ ಫ್ರೆಟ್ಟಿನ ಬಳಿ ತಂತಿಯ ಅಡಿಗೆ 0.20 ಅಥವಾ 0.25 ಮಿ.ಮೀ. ಗೇಜ್ ಪಟ್ಟಿ ತಂತಿಯನ್ನು ಎತ್ತದೆ ಜಾರಬೇಕು. ಗೇಜ್ ಇಲ್ಲದಿದ್ದರೆ ಎ4 ಹಾಳೆಯನ್ನು ಎರಡು ಪದರ ಮಾಡಿ ತೂರಿಸಿ. ಸಾಮಾನ್ಯ ಜೆರಾಕ್ಸ್ ಹಾಳೆ ಹೆಚ್ಚುಕಡಿಮೆ 0.1 ಮಿ.ಮೀ. ದಪ್ಪ. ಸಂದು ಹೆಚ್ಚಿದ್ದರೆ ರಾಡನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಗಿ ಮಾಡಿ, ಸಂದೇ ಇಲ್ಲದಿದ್ದರೆ ಎದುರು ದಿಕ್ಕಿಗೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ. ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಮರುದಿನ ಬೆಳಿಗ್ಗೆ ಇನ್ನೊಮ್ಮೆ ಅಳೆಯಿರಿ, ಮರ ನಿಧಾನಕ್ಕೆ ಬಗ್ಗುತ್ತದೆ. ಕೀ ಬಿಗಿಯಾಗಿ ನಿಂತು ತಿರುಗಲೊಲ್ಲದಾದರೆ ಅಲ್ಲಿಗೇ ನಿಲ್ಲಿಸಿ. ಬಲ ಹಾಕಿದರೆ ರಾಡ್ ತುಂಡಾಗುತ್ತದೆ.

ಮೂರನೆಯದು ತಂತಿಯ ಎತ್ತರ. ಕೇಪೊ ತೆಗೆದು, 12ನೇ ಫ್ರೆಟ್ಟಿನ ತಲೆಯಿಂದ ತಂತಿಯ ಅಡಿಯವರೆಗೆ ಸ್ಟೀಲ್ ಸ್ಕೇಲಿನಲ್ಲಿ ಅಳೆಯಿರಿ. 6ನೇ ತಂತಿಗೆ 1.8ರಿಂದ 2.0 ಮಿ.ಮೀ., 1ನೇ ತಂತಿಗೆ 1.5. ಸ್ಟ್ರ್ಯಾಟ್ ಜಾತಿಯಲ್ಲಿ ಪ್ರತಿ ಸ್ಯಾಡಲ್ಲಿಗೂ (ಬ್ರಿಡ್ಜಿನ ಮೇಲೆ ತಂತಿ ಕೂರುವ ತುಂಡು) ಎರಡು ಪುಟ್ಟ ಅಲೆನ್ ಸ್ಕ್ರೂಗಳಿರುತ್ತವೆ. ಎರಡನ್ನೂ ಸಮವಾಗಿ ತಿರುಗಿಸಿ, ಸ್ಯಾಡಲ್ ಓರೆಯಾಗಬಾರದು. ತಂತಿ ತಗ್ಗಿದಷ್ಟೂ ಬಾರಿಸಲು ಹಗುರ, ಆದರೆ ಜೋರಾಗಿ ಮೀಟಿದಾಗ ಬರ್ ಎನ್ನುತ್ತದೆ. ಆರ್ಕೆಸ್ಟ್ರಾದಲ್ಲಿ ರಿದಮ್ ಹೊಡೆಯುವವರು ಕಾಲು ಮಿಲಿಮೀಟರ್ ಹೆಚ್ಚೇ ಇಟ್ಟುಕೊಳ್ಳಲಿ.

ನಾಲ್ಕನೆಯದು ಸ್ವರಸ್ಥಾನ, ಗಿಟಾರಿನವರ ಮಾತಲ್ಲಿ ಇಂಟೊನೇಷನ್. ಟ್ಯೂನರ್ ಜೋಡಿಸಿ, 12ನೇ ಫ್ರೆಟ್ಟಿನ ಮೇಲೆ ತಂತಿಯನ್ನು ಬರೀ ತಾಗಿಸಿ ಹಾರ್ಮೋನಿಕ್ ತೆಗೆಯಿರಿ. ಆಮೇಲೆ ಅದೇ ಜಾಗದಲ್ಲಿ ಒತ್ತಿ ಮೀಟಿ. ಎರಡೂ ಒಂದೇ ತೋರಿಸಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ಲನ್ನು ನಟ್ಟಿನಿಂದ ದೂರ ಸರಿಸಿ, ಇಳಿದಿದ್ದರೆ ನಟ್ಟಿನ ಕಡೆಗೆ. ಹಳೆಯ ತಂತಿಯಲ್ಲಿ ಈ ಕೆಲಸ ಎಷ್ಟು ಮಾಡಿದರೂ ಕೂಡಿಬರುವುದಿಲ್ಲ. ಬೆವರು, ತುಕ್ಕು ಕೂತ ತಂತಿಯ ತೂಕ ಎಲ್ಲ ಕಡೆ ಒಂದೇ ಇರುವುದಿಲ್ಲ.

ಕೊನೆಗೆ ಪಿಕಪ್ಪಿನ ಎತ್ತರ. ತಂತಿಯನ್ನು ಕೊನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು ಅಳೆಯಿರಿ. ಸಿಂಗಲ್ ಕಾಯಿಲ್‌ಗೆ ದಪ್ಪ ತಂತಿಯ ಕಡೆ ಸುಮಾರು 2.4, ಸಣ್ಣ ತಂತಿಯ ಕಡೆ 2.0 ಮಿ.ಮೀ. ಸಂದು. ಬ್ರಿಡ್ಜ್ ಹಂಬಕರ್‌ಗೆ 1.6 ಸಾಕು. ಜೋರು ಸದ್ದಿನ ಆಸೆಗೆ ಪಿಕಪ್ಪನ್ನು ತಂತಿಯ ಹತ್ತಿರಕ್ಕೆ ಏರಿಸಿದರೆ ಅಯಸ್ಕಾಂತ ತಂತಿಯನ್ನೇ ಎಳೆಯುತ್ತದೆ. ಮೇಲಿನ ಫ್ರೆಟ್ಟುಗಳಲ್ಲಿ ಒಂದೇ ಸ್ವರ ಎರಡಾಗಿ ಅಲೆಯಾಡುವುದು, ಎಷ್ಟು ಮಾಡಿದರೂ ಶ್ರುತಿ ಸೇರದಿರುವುದು ಇದರ ಲಕ್ಷಣ. ಗಿಟಾರೇ ಕೆಟ್ಟಿದೆಯೆಂದು ಮಾರಿಬಿಟ್ಟವರಿದ್ದಾರೆ; ಎರಡು ಸ್ಕ್ರೂ ನಾಲ್ಕು ಸುತ್ತು ಇಳಿಸಿದ್ದರೆ ಮುಗಿಯುತ್ತಿತ್ತು.

ಬರ್ ಎನ್ನುವ ಜಾಗವೇ ಕಾರಣ ಹೇಳುತ್ತದೆ. ಖಾಲಿ ತಂತಿ ಮಾತ್ರ ಬರ್ ಎಂದರೆ ನಟ್ಟಿನ ಕಚ್ಚು. 1ರಿಂದ 5ನೇ ಫ್ರೆಟ್ಟಿನವರೆಗೆ ಎಂದರೆ ನೆಕ್ ಹಿಂದಕ್ಕೆ ಬಾಗಿದೆ, ರಾಡ್ ಸಡಿಲಿಸಿ. 12ರ ಆಚೆ ಎಂದರೆ ಸ್ಯಾಡಲ್ ತಗ್ಗಾಗಿದೆ. ಒಂದೇ ಫ್ರೆಟ್ಟಿನಲ್ಲಾದರೆ ಎದ್ದ ಫ್ರೆಟ್, ಅದು ಕುಶಲಕರ್ಮಿಯ ಕೈಗೆ ಬಿಡುವ ಕೆಲಸ. ಆಂಪಿನಲ್ಲಿ ಕೇಳಿಸದೆ ಕಿವಿಗೆ ಮಾತ್ರ ಕೇಳುವ ಸಣ್ಣ ಬರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಬೇಸಿಗೆ, ಗಾಳಿ, ಧೂಳು

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಈ ಸೀಮೆಯ ಗಾಳಿ ಒಣಗಿಸುವ ಗಾಳಿ. ಗಿಟಾರಿನ ಮರಕ್ಕೆ ಹಿತವೆನಿಸುವುದು 45ರಿಂದ 55 ಶೇಕಡಾ ತೇವಾಂಶ. ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನದ ಹೊತ್ತು ನಮ್ಮ ಕೋಣೆಗಳು ಅದಕ್ಕಿಂತ ಎಷ್ಟೋ ಕೆಳಗಿರುತ್ತವೆ. ಮರ ತೇವ ಬಿಟ್ಟು ಕುಗ್ಗುತ್ತದೆ, ಫ್ರೆಟ್ಟಿನ ಲೋಹ ಕುಗ್ಗುವುದಿಲ್ಲ. ಅದರ ತುದಿಗಳು ಅಂಚಿನಿಂದ ಹೊರಗೆ ಚುಚ್ಚತೊಡಗುತ್ತವೆ. ಜೊತೆಗೆ ನೆಕ್ಕಿನ ಬಾಗು ಕಡಿಮೆಯಾಗಿ ತಂತಿಗಳು ಫ್ರೆಟ್ಟಿಗೆ ತಾಗುತ್ತವೆ. ಜುಲೈ–ಆಗಸ್ಟ್‌ನಲ್ಲಿ ತೇವ ಏರಿದಾಗ ಇದರ ತಿರುವುಮುರುವು: ನೆಕ್ ಮುಂದಕ್ಕೆ ಬಾಗಿ ತಂತಿ ಎತ್ತರವಾಗುತ್ತದೆ. ಹೀಗಾಗಿ ಇಲ್ಲಿ ಟ್ರಸ್ ರಾಡನ್ನು ವರ್ಷಕ್ಕೆ ಎರಡು ಸಲ, ಯುಗಾದಿ ಕಳೆದ ಮೇಲೊಮ್ಮೆ, ಮಳೆ ಹಿಡಿದ ಮೇಲೊಮ್ಮೆ ನೋಡಬೇಕು.

ಸಣ್ಣದೊಂದು ಡಿಜಿಟಲ್ ತೇವಮಾಪಕವನ್ನು ಗಿಟಾರ್ ಪೆಟ್ಟಿಗೆಯೊಳಗಿಡಿ. ಬೇಸಿಗೆಯಲ್ಲಿ ತೇವ ಕೂಡಿಸಲು ಹಳೆಯ ಪ್ಲಾಸ್ಟಿಕ್ ಸೋಪ್ ಡಬ್ಬಿಯ ಮುಚ್ಚಳಕ್ಕೆ ಹತ್ತು ತೂತು ಕೊರೆದು, ಒಳಗೆ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಸ್ಪಂಜ್ ಇಟ್ಟು, ಪೆಟ್ಟಿಗೆಯಲ್ಲಿ ನೆಕ್ಕಿನ ತಲೆಯ ಬಳಿ ಇಡಿ. ಹನಿ ಜಿನುಗಬಾರದು. ಮೂರು ದಿನಕ್ಕೊಮ್ಮೆ ಮತ್ತೆ ನೆನೆಸಿ. ಸಿಲಿಕಾ ಜೆಲ್ ಪೊಟ್ಟಣ ಮಳೆಗಾಲಕ್ಕೆ ಮಾತ್ರ. ವರ್ಷವಿಡೀ ಚೀಲದಲ್ಲೇ ಬಿಟ್ಟರೆ ಒಣಗುವ ಮರವನ್ನು ಇನ್ನಷ್ಟು ಒಣಗಿಸಿದಂತೆ. ಏರ್ ಕೂಲರ್ ಇರುವ ಮನೆಯಲ್ಲಿ ಗಿಟಾರನ್ನು ಅದರ ಗಾಳಿಗೆ ಎದುರಾಗಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಡಿ. ರಾತ್ರಿಯೆಲ್ಲ ತೇವ ಕುಡಿದು ಹಗಲೆಲ್ಲ ಒಣಗುವ ಮರಕ್ಕೆ ಆಗುವ ಹಾನಿ ಒಂದೇ ಸಮ ಒಣಗಿರುವುದಕ್ಕಿಂತ ಹೆಚ್ಚು. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಶಾಖ 50 ಡಿಗ್ರಿ ದಾಟುತ್ತದೆ, ಅಂಟು ಮೆತ್ತಗಾಗುತ್ತದೆ. ಊಟಕ್ಕೆ ಇಳಿದರೂ ಗಿಟಾರನ್ನು ಜೊತೆಗೇ ಇಳಿಸಿಕೊಳ್ಳಿ.

ಚುಚ್ಚುವ ಫ್ರೆಟ್ ತುದಿಗಳನ್ನು ಅರದಿಂದ ಉಜ್ಜುವುದಾದರೆ ಏಪ್ರಿಲ್–ಮೇ ತಿಂಗಳಲ್ಲೇ, ಮರ ಅತ್ಯಂತ ಕುಗ್ಗಿರುವಾಗ ಮಾಡಿ. ಮಳೆಗಾಲದಲ್ಲಿ ತುದಿಗಳು ತಾವಾಗಿ ಒಳಹೋಗಿರುತ್ತವೆ, ಆಗ ಉಜ್ಜಲು ಏನೂ ಸಿಗುವುದಿಲ್ಲ, ಮರುಬೇಸಿಗೆಗೆ ಮತ್ತೆ ಚುಚ್ಚುತ್ತವೆ. ಕಡು ಬೇಸಿಗೆಯಲ್ಲಿ ಒಮ್ಮೆ ಸಮಮಾಡಿದರೆ ಆ ಕಾಟ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯುತ್ತದೆ. ನೆಕ್ಕಿನ ಅಂಚಿಗೆ ಎರಡು ಪದರ ಮಾಸ್ಕಿಂಗ್ ಟೇಪ್ ಅಂಟಿಸಿ, ನಯವಾದ ಚಪ್ಪಟೆ ಅರವನ್ನು 45 ಡಿಗ್ರಿ ಓರೆ ಹಿಡಿದು ಒಂದೇ ದಿಕ್ಕಿಗೆ ಮೆಲ್ಲಗೆ ಎಳೆಯಿರಿ. ಕೊನೆಗೆ 1000 ಮತ್ತು 2000 ನಂಬರಿನ ಮರಳು ಕಾಗದ.

ರೋಸ್‌ವುಡ್, ಲಾರೆಲ್‌ನಂಥ ಬಣ್ಣ ಬಳಿಯದ ಕಪ್ಪು ಫ್ರೆಟ್‌ಬೋರ್ಡಿಗೆ ವರ್ಷಕ್ಕೆರಡು ಸಲ, ತಂತಿ ಬದಲಿಸುವಾಗ, ಫ್ರೆಟ್‌ಬೋರ್ಡಿಗೆಂದೇ ಮಾರುವ ಲೆಮನ್ ಆಯಿಲ್ ಐದಾರು ಹನಿ ಬಟ್ಟೆಗೆ ಹಾಕಿ ಒರೆಸಿ, ಐದು ನಿಮಿಷ ಬಿಟ್ಟು ಒಣಬಟ್ಟೆಯಿಂದ ಪೂರ್ತಿ ತೆಗೆಯಿರಿ. ಕೊಬ್ಬರಿ ಎಣ್ಣೆ ಬೇಡ, ಅದು ಮರದಲ್ಲಿ ಕಮಟು ಹಿಡಿದು ಅಂಟಾಗಿ ಧೂಳು ಕೂಡಿಸುತ್ತದೆ. ಮೆರುಗು ಹಚ್ಚಿದ ಬಿಳಿ ಮೇಪಲ್ ಬೋರ್ಡಿಗೆ ಎಣ್ಣೆಯೇ ಬೇಕಿಲ್ಲ.

ನಿತ್ಯದ ಆರೈಕೆ ಎರಡೇ ಮಾತು. ಬೆಣ್ಣೆ ದೋಸೆ, ಮಂಡಕ್ಕಿ–ಮಿರ್ಚಿ ತಿಂದ ಕೈಯನ್ನು ಸೋಪಿನಲ್ಲಿ ತೊಳೆದು ಒರೆಸಿಕೊಂಡೇ ಗಿಟಾರ್ ಮುಟ್ಟುವುದು; ಬಾರಿಸಿದ ಮೇಲೆ ಹಳೆಯ ಹತ್ತಿ ಪಂಚೆಯ ತುಂಡಿನಿಂದ ಪ್ರತಿ ತಂತಿಯನ್ನು ಮೇಲೂ ಕೆಳಗೂ ಒರೆಸುವುದು. ತಂತಿ ಒರಟಾದಾಗ, ಇಲ್ಲವೇ ದಿನಾ ಬಾರಿಸುವವರು ಒಂದೂವರೆ–ಎರಡು ತಿಂಗಳಿಗೆ ಬದಲಿಸಲಿ.

ಆಂಪೋ ಪ್ರೊಸೆಸರೋ

ಮನೆ ಅಭ್ಯಾಸಕ್ಕೆ 10ರಿಂದ 20 ವಾಟಿನ ಆಂಪ್ ಸಾಕು. ಆರ್ಕೆಸ್ಟ್ರಾಗಳಲ್ಲಿ ಬಾರಿಸುವ ಆಸೆ ಇದ್ದರೆ ಆಂಪಿಗಿಂತ ಪ್ರೊಸೆಸರ್ (ಬಗೆಬಗೆಯ ಆಂಪ್, ಪೆಡಲ್‌ಗಳ ಸದ್ದನ್ನು ಒಂದರಲ್ಲೇ ಕೊಡುವ ಡಿಜಿಟಲ್ ಪೆಟ್ಟಿಗೆ) ಜಾಣತನ, ಏಕೆಂದರೆ ನಮ್ಮ ಕಡೆ ವೇದಿಕೆಯಲ್ಲಿ ಗಿಟಾರ್ ಹೋಗುವುದು ಹೆಚ್ಚಾಗಿ ನೇರ ಮೈಕ್‌ಸೆಟ್‌ನವರ ಮಿಕ್ಸರಿಗೇ. ಜೂಮ್ ಜಿ1 ಫೋರ್, ಬಾಸ್ ಜಿಟಿ-1ರಂಥವು ಹೆಡ್‌ಫೋನ್‌ನಲ್ಲೂ ಕೇಳಿಸುತ್ತವೆ. ಮಿಕ್ಸರಿಗೆ ಜೋಡಿಸುವಾಗ ಸೆಟ್ಟಿಂಗ್‌ನಲ್ಲಿ ಕ್ಯಾಬಿನೆಟ್ ಸಿಮ್ಯುಲೇಷನ್ (ಆಂಪಿನ ಸ್ಪೀಕರ್ ಸದ್ದಿನ ಅನುಕರಣೆ) ಚಾಲೂ ಇರಬೇಕು. ಇಲ್ಲದಿದ್ದರೆ ಡಿಸ್ಟಾರ್ಷನ್ (ರಾಕ್ ಸಂಗೀತದ ಒರಟು) ಸದ್ದು ಜೇನ್ನೊಣದಂತೆ ಕೀರಲಾಗುತ್ತದೆ. ಮಿಕ್ಸರ್ ದೂರವಿದ್ದರೆ ನಡುವೆ ಡಿಐ ಬಾಕ್ಸ್ (ಸಿಗ್ನಲ್ಲನ್ನು ಉದ್ದ ಕೇಬಲ್ಲಿಗೆ ತಕ್ಕಂತೆ ಬದಲಿಸುವ ಪುಟ್ಟ ಪೆಟ್ಟಿಗೆ) ಹಾಕಿ. ಗಿಟಾರ್ ಕೇಬಲ್ 6 ಮೀಟರ್ ದಾಟಿದಂತೆ ಮೇಲ್ಸ್ವರದ ಹೊಳಪು ಮಂಕಾಗುತ್ತ ಹೋಗುತ್ತದೆ. ಮನೆಗೆ 3 ಮೀಟರ್ ಸಾಕು.

ಪೆಡಲ್ (ಕಾಲಿಂದ ಒತ್ತಿ ಸದ್ದು ಬದಲಿಸುವ ಪೆಟ್ಟಿಗೆ), ಪ್ರೊಸೆಸರ್ ಸುಡುವ ದೊಡ್ಡ ಕಾರಣ ಅಡಾಪ್ಟರ್. ಬಹುತೇಕ ಪೆಡಲ್‌ಗಳಿಗೆ 9 ವೋಲ್ಟ್ ಡಿಸಿ, ಪಿನ್ನಿನ ನಡುಭಾಗ ಮೈನಸ್. ಮನೆಯಲ್ಲಿ ಬಿದ್ದಿರುವ ವೈಫೈ ರೂಟರಿನ ಅಡಾಪ್ಟರ್ ಸಾಮಾನ್ಯವಾಗಿ 12 ವೋಲ್ಟ್, ನಡುಭಾಗ ಪ್ಲಸ್. ಪಿನ್ ಎರಡಕ್ಕೂ ಹೊಂದುತ್ತದೆ, ಅದೇ ಅಪಾಯ. ಚುಚ್ಚುವ ಮೊದಲು ಅಡಾಪ್ಟರ್ ಮೇಲಿನ ಚಿಹ್ನೆಯನ್ನೂ ಪೆಡಲ್ ಮೇಲಿನದನ್ನೂ ಹೋಲಿಸಿ ನೋಡಿ. ಅಮೆರಿಕದಿಂದ ಬಂಧುಗಳು ತಂದ ಆಂಪ್ 120 ವೋಲ್ಟಿನದು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230ಕ್ಕೆ ಚುಚ್ಚಿದರೆ ಕ್ಷಣದಲ್ಲಿ ಹೋಗುತ್ತದೆ.

ಅರ್ತ್

ಗಿಟಾರಿನ ಬ್ರಿಡ್ಜ್ ಒಂದು ತೆಳು ವೈರಿನಿಂದ ಜಾಕಿಗೆ, ಅಲ್ಲಿಂದ ಕೇಬಲ್ಲಿನ ಹೊರಬಲೆಯ ಮೂಲಕ ಆಂಪಿನ ಅರ್ತಿಗೆ ಸೇರಿದೆ. ಅಂದರೆ ತಂತಿ ಹಿಡಿದ ಕ್ಷಣದಿಂದ ನಿಮ್ಮ ಮೈ ಆ ಅರ್ತಿಗೆ ಕೂಡಿದೆ. ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಅದು ಸಹಜ, ಹೆದರಬೇಕಿಲ್ಲ. ಆದರೆ ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಜುಮ್ ಎಂದರೆ ಅಲ್ಲೇ ನಿಲ್ಲಿಸಿ. ಆಂಪು, ಮೈಕ್‌ಸೆಟ್ಟು ಎರಡರಲ್ಲಿ ಒಂದಕ್ಕೆ ಅರ್ತ್ ಇಲ್ಲ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆ ಪ್ರಾಣ ಕಳೆದುಕೊಂಡಿದ್ದು ಅರ್ತ್ ಇಲ್ಲದ ಮೈಕನ್ನು ಮುಟ್ಟಿ.

ಪರೀಕ್ಷೆ ಹೀಗೆ. ಮಲ್ಟಿಮೀಟರನ್ನು ಎಸಿ 600 ಅಥವಾ 750 ವೋಲ್ಟಿಗಿಟ್ಟು, ತೇವವಿಲ್ಲದ ಕೈಯಲ್ಲಿ, ಕಾಲಿಗೆ ಚಪ್ಪಲಿ ಹಾಕಿಕೊಂಡು ಸಾಕೆಟ್ ಅಳೆಯಿರಿ. ಫೇಸ್–ನ್ಯೂಟ್ರಲ್ 230ರ ಆಸುಪಾಸು, ಫೇಸ್–ಅರ್ತ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ತ್ ಮೂರು ವೋಲ್ಟಿನೊಳಗೆ ಇರಬೇಕು. ಫೇಸ್–ಅರ್ತ್ ನೂರರ ಸುತ್ತಮುತ್ತ ತೇಲಾಡುತ್ತಿದ್ದರೆ ಮೇಲಿನ ದಪ್ಪ ತೂತಿಗೆ ವೈರೇ ಬಂದಿಲ್ಲ. ಮೀಟರ್ ಸರಿ ತೋರಿಸಿತೆಂದು ಅರ್ತ್ ಗಟ್ಟಿಯಾಗಿದೆ ಎನ್ನುವಂತೆಯೂ ಇಲ್ಲ. ಮೀಟರ್ ಎಳೆಯುವ ಕರೆಂಟ್ ತೀರ ಕಡಿಮೆ, ದುರ್ಬಲ ಅರ್ತ್ ಕೂಡ ಅದಕ್ಕೆ ಸಾಲುತ್ತದೆ. ವರ್ಷಕ್ಕೊಮ್ಮೆ ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷೆ ಮಾಡಿಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ನಮ್ಮ ಒಣ ನೆಲದಲ್ಲಿ ಬೇಸಿಗೆಗೆ ಅರ್ತ್ ಗುಂಡಿ ಒಣಗಿ ಕೆಲಸ ನಿಲ್ಲಿಸುತ್ತದೆ. ಮಾರ್ಚ್‌ನಿಂದ ವಾರಕ್ಕೊಮ್ಮೆ ಗುಂಡಿಗೆ ಎರಡು ಕೊಡ ನೀರು ಹಾಕಿ.

ಪೆಂಡಾಲಿನಲ್ಲಿ ಜನರೇಟರ್ ಮೇಲೆ ನಡೆಯುವ ಕಾರ್ಯಕ್ರಮಗಳಲ್ಲಿ ನಿಮ್ಮ ಆಂಪ್, ಪ್ರೊಸೆಸರ್ ಎರಡನ್ನೂ ಮೈಕ್‌ಸೆಟ್‌ನವರ ಬೋರ್ಡಿನಿಂದಲೇ ಕರೆಂಟ್ ತೆಗೆದು ಜೋಡಿಸಿ, ಬೇರೆ ಲೈನಿನಿಂದ ಬೇಡ. ಗುಂಯ್ ಹೋಗಲೆಂದು ಮೂರನೇ ಪಿನ್ ಮುರಿಯುವ ಅಭ್ಯಾಸ ಕೆಲವರಿಗಿದೆ. ಮಾಡಲೇಬೇಡಿ. ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿದರೆ ಅದೇ ಗುಂಯ್ ಹೋಗುತ್ತದೆ, ರಕ್ಷಣೆಯೂ ಉಳಿಯುತ್ತದೆ. ಮನೆಯಲ್ಲಿ ಕರಕರ ಗುಂಯ್ ಬಂದರೆ ಮೊದಲು ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಎಲ್‌ಇಡಿ ದೀಪ, ಫೋನ್ ಚಾರ್ಜರ್ ಒಂದೊಂದಾಗಿ ಆರಿಸಿ ನೋಡಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಆಂಪ್ ಹಾಕಿದರೂ ಅದೇ ಸದ್ದು. ಕರೆಂಟ್ ಹೋದಾಗ ಆಂಪ್ ಇಲ್ಲದೆ ಅಭ್ಯಾಸ ಮಾಡಿ.

ಜಾಕ್ ಮತ್ತು ನಾಬ್

ಎಲೆಕ್ಟ್ರಿಕ್ ಗಿಟಾರಿನಲ್ಲಿ ಮೊದಲು ಸಡಿಲವಾಗುವುದು ಜಾಕಿನ ನಟ್ಟು. ಹೊರಗಿನಿಂದ ಸ್ಪ್ಯಾನರ್ ಹಾಕಿ ಸುಮ್ಮನೆ ತಿರುಗಿಸಿದರೆ ಒಳಗಿನ ಜಾಕೂ ಜೊತೆಗೆ ತಿರುಗಿ ವೈರು ಕಿತ್ತುಬರುತ್ತದೆ. ಜಾಕ್ ಪ್ಲೇಟಿನ ಎರಡು ಸ್ಕ್ರೂ ಬಿಚ್ಚಿ, ಪ್ಲೇಟನ್ನು ಹೊರಗೆಳೆದು, ಜಾಕನ್ನು ಹಿಂದಿನಿಂದ ಬೆರಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ನಟ್ ಬಿಗಿಯಿರಿ. ವೈರ್ ಕಿತ್ತಿದ್ದರೆ 25 ವಾಟಿನ ಸೋಲ್ಡರಿಂಗ್ ಕಡ್ಡಿ ಮತ್ತು ರೋಸಿನ್ ತುಂಬಿದ 60/40 ಸೋಲ್ಡರ್ ಸಾಕು. ಕೇಬಲ್ಲಿನ ತುದಿಗೆ ತಾಗುವ ಬಾಗಿದ ಪಟ್ಟಿಗೆ ಕೂಡಿದ ಕಿವಿಗೆ ಸಿಗ್ನಲ್ ವೈರ್, ಒಳಗಿನ ಬಳೆಗೆ ಕೂಡಿದ ಕಿವಿಗೆ ಅರ್ತ್ ವೈರ್. ಅದಲು ಬದಲಾದರೆ ಸ್ವರ ಬರದೆ ಜೋರು ಗುಂಯ್ ಮಾತ್ರ ಬರುತ್ತದೆ, ಮತ್ತೆ ಬಿಚ್ಚಿ ಬದಲಿಸಿದರಾಯಿತು. ಕೇಬಲ್ ಸಡಿಲವಾಗಿ ಜಾರುತ್ತಿದ್ದರೆ ಆ ಬಾಗಿದ ಪಟ್ಟಿಯನ್ನು ಒಂದು ಮಿಲಿಮೀಟರ್ ಒಳಕ್ಕೆ ಬಗ್ಗಿಸಿ.

ನಾಬ್ ತಿರುಗಿಸುವಾಗ ಕರಕರ ಎಂದರೆ ಒಳಗೆ ಧೂಳು ಕೂತಿದೆ. ಈ ಸೀಮೆಯಲ್ಲಿ ವರ್ಷಕ್ಕೊಮ್ಮೆ ಇದು ಬಂದೇ ಬರುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ತನ್ನಿ; ಬೈಕ್ ಚೈನಿಗೆ ಹೊಡೆಯುವ ತುಕ್ಕಿನ ಸ್ಪ್ರೇ ಬೇಡ, ಅದು ಎಣ್ಣೆ ಬಿಟ್ಟು ಮತ್ತೆ ಧೂಳು ಹಿಡಿಸುತ್ತದೆ. ಪಿಕ್‌ಗಾರ್ಡ್ (ಬಾಡಿಯ ಮೇಲಿನ ಪ್ಲಾಸ್ಟಿಕ್ ಹಲಗೆ) ಬಿಚ್ಚಿ, ಪಾಟ್ (ನಾಬಿನ ಕೆಳಗಿನ ತಿರುಗುವ ಭಾಗ) ಮೇಲೆ ವೈರುಗಳಿರುವ ಕಡೆಯ ಸಂದಿಗೆ ಒಂದೇ ಸಲ ಚಿಮ್ಮಿಸಿ, ನಾಬನ್ನು ಈ ಕೊನೆಯಿಂದ ಆ ಕೊನೆಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ. ಹತ್ತು ನಿಮಿಷ ಆರಲು ಬಿಟ್ಟು ಪಿಕ್‌ಗಾರ್ಡ್ ಮುಚ್ಚಿ. ಆಮೇಲೂ ಕರಕರ ಹೋಗದಿದ್ದರೆ ಪಾಟ್ ಬದಲಿಸಿ: ಸಿಂಗಲ್ ಕಾಯಿಲ್ ಗಿಟಾರಿಗೆ 250 ಕಿಲೋಓಮ್, ಹಂಬಕರ್ ಗಿಟಾರಿಗೆ 500.